ಬಸ್ಸಿನ ಕನ್ನಡಿಯ ಕುಂಬಾರಗಿತ್ತಿ

ನಮ್ಮ ಬಸ್ಸಿನ ಡ್ರೈವರನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿಲ್ಲ. ದಾರಿಯುದ್ದಕ್ಕೂ ಅವನು ಎಲ್ಲರಿಗೂ ಹಾರ್ನಪ್ಪ. ನಾನು ಅವನ ಕಂಡಕ್ಟರ್, ಹನ್ನೆರಡು ವರ್ಷದಿಂದ. ಜನ ನನ್ನನ್ನು ಸೀಟಿಯಕ್ಕ ಅನ್ನುತ್ತಾರೆ. ಎದುರಿಗೆ ನಾನು ಅವನಿಗೆ ‘ಅಣ್ಣ’ ಎಂದು ಬಹುವಚನ ಕೊಟ್ಟೇ ಮಾತಾಡುತ್ತೇನೆ. ಈಗ ಬರೆಯುತ್ತಿರುವುದು ಬೆನ್ನ ಹಿಂದೆ. ಹಾಗಾಗಿ ಏಕವಚನವೇ ಇರಲಿ, ಕೈಗೂ ಸಲೀಸು.

ಕೋಪ ಮೂಗಿನ ತುದಿಯಲ್ಲಿರುತ್ತದೆ ಅನ್ನುತ್ತಾರೆ. ಹಾರ್ನಪ್ಪನ ಕೋಪಕ್ಕೆ ಅಷ್ಟು ದೂರ ಹತ್ತುವ ತಾಳ್ಮೆ ಎಲ್ಲಿಂದ ಬರಬೇಕು? ಅದು ಅಂಗೈಯಲ್ಲೇ, ಹಾರ್ನಿನ ಗುಂಡಿಯ ಮೇಲೆಯೇ ಬಿಡಾರ ಹೂಡಿತ್ತು. ಕೆಂಪು ದೀಪಕ್ಕೆ ಹಾರ್ನ್, ಹಸಿರು ದೀಪಕ್ಕೆ ಹಾರ್ನ್, ಒಳಗೆ ಯಾರೂ ಇಲ್ಲದೆ ಬೀಗ ಹಾಕಿ ನಿಲ್ಲಿಸಿದ ಕಾರಿಗೂ ಹಾರ್ನ್. ಒಮ್ಮೆ ಡಿಪೋದಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗ ಕಾಂಪೌಂಡ್ ಗೋಡೆಗೆ ಎರಡು ಸಲ ಹಾರ್ನ್ ಹೊಡೆದ. “ಗೋಡೆ ಸರಿಯುತ್ತಾ ಅಣ್ಣ?” ಅಂದೆ. “ಸರಿದ್ರೆ ಸರೀಲಿ, ನಮ್ಮ ಗಂಟೇನು ಹೋಗುತ್ತೆ?” ಅಂದ. ಬಾಯಂತೂ ಹಾರ್ನಿಗಿಂತ ಒಂದು ಕೈ ಮೇಲು. ಆಟೋದವರ ಅಪ್ಪಂದಿರ ವಿಚಾರ ಅವನಿಗೆ ತಿಳಿದಷ್ಟು ಆಟೋದವರಿಗೂ ತಿಳಿದಿರಲಿಲ್ಲ.

ಬೈದೆನೆಂದು ಅವನ ಕೆಲಸವನ್ನು ಹಳಿಯಬಾರದು. ಹದಿನಾರನೇ ವಯಸ್ಸಿಗೆ ಲಾರಿ ತೊಳೆಯುವ ಕೆಲಸಕ್ಕೆ ಸೇರಿ, ತೊಳೆಯುತ್ತ ತೊಳೆಯುತ್ತಲೇ ಗೇರು ಹಾಕುವುದು ಕಲಿತು, ಲೈಸೆನ್ಸ್ ಮಾಡಿಸಿ ಬಸ್ಸಿಗೆ ಬಂದವನು. ಇಪ್ಪತ್ತೇಳು ವರ್ಷದಲ್ಲಿ ಅವನ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ. ಮುದುಕಿಯೊಬ್ಬಳು ಮೆಟ್ಟಿಲು ಹತ್ತುತ್ತಿದ್ದರೆ ಅವಳ ಎರಡೂ ಕಾಲು ಒಳಗೆ ಬರುವವರೆಗೆ ಬಸ್ಸು ಕದಲುವುದಿಲ್ಲ. ಬೈಗುಳ ಮಾತ್ರ ಕದಲುತ್ತಿರುತ್ತದೆ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ, ಹೆಂಡತಿ, ಇಪ್ಪತ್ತೇಳು ವರ್ಷದ ಸ್ಟೇರಿಂಗು. ಅವನ ಆಸ್ತಿ ಇಷ್ಟೇ.

ಆ ಸ್ಟೇರಿಂಗಿಗೇ ಸಂಚಕಾರ ಬಂತು. ಐವತ್ತು ದಾಟಿದ ಡ್ರೈವರುಗಳಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಇರುತ್ತದೆ. ಆ ಸಲ ಆಸ್ಪತ್ರೆಯ ಡಾಕ್ಟರಮ್ಮ ಅವನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ, ಒಮ್ಮೆ ನೋಡಿ, ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದರು. ಬಿ.ಪಿ. ನೂರ ಎಪ್ಪತ್ತೆರಡು, ಕೆಳಗಡೆ ನೂರ ಎಂಟು. ನಿಯಮದ ಪ್ರಕಾರ ಮೇಲಿನದು ನೂರ ನಲವತ್ತರೊಳಗೆ, ಕೆಳಗಿನದು ತೊಂಬತ್ತರೊಳಗೆ ಇರಬೇಕು. ಎರಡು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಇಳಿಯದಿದ್ದರೆ ಸ್ಟೇರಿಂಗ್ ಬಿಟ್ಟು ಡಿಪೋದ ಟಯರ್ ಕೋಣೆಗೆ ಹೋಗಬೇಕು. ಕಿಟಕಿ ಇಲ್ಲದ ಶೆಡ್ಡು ಅದು. ಅಲ್ಲಿ ಕೂತು ಟಯರುಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಜೊತೆಗೆ, “ದಿನಕ್ಕೆ ಹತ್ತು ನಿಮಿಷ ಸುಮ್ನೆ ಕೂತ್ಕೊಂಡು ಗಿಡಾನೋ ಮರಾನೋ ಹಕ್ಕೀನೋ ನೋಡಿ. ಮನಸ್ಸು ತಣ್ಣಗಾಗುತ್ತೆ” ಅಂದರು.

“ಮರ ನೋಡ್ಬೇಕಂತೆ ಮರ!” ಬಸ್ಸಿಗೆ ಬಂದವನೇ ಶುರುಮಾಡಿದ. “ದಿನಾ ಇನ್ನೂರು ಮರ ನೋಡ್ತೀನಿ ನಾನು. ನೋಡದೇ ಇದ್ದಿದ್ರೆ ಬಸ್ಸು ಅದರೊಳಗೆ ಇರ್ತಿತ್ತು!” ಎಂದು ಹಾರ್ನ್ ಒತ್ತಿದ. ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಹನ್ನೆರಡು ವರ್ಷ ಕಿವಿಗೆ ಕಾದ ಎಣ್ಣೆ ಹೊಯ್ಸಿಕೊಂಡವಳು ನಾನು. ಟಯರುಗಳಿಗೆ ಬೈದುಕೊಂಡಿರಲಿ, ಅವಕ್ಕೆ ಹೇಗೂ ಕಿವಿ ಇಲ್ಲ ಅಂದುಕೊಂಡೆ. ಆದರೆ ಅವತ್ತು ಕೊನೆಯ ಟ್ರಿಪ್ ಮುಗಿಸಿ ಇಳಿಯುವಾಗ ಅವನು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಸುಮ್ಮನೆ ಕೂತಿದ್ದ. “ಇದು ಇಲ್ದೆ ಹೋದ್ರೆ ಈ ಕೈಗಳನ್ನ ಎಲ್ಲಿ ಇಟ್ಕೊಳ್ಳೋದಮ್ಮಾ?” ಅಂದ. ಬೈಗುಳ ಇಲ್ಲದ ಅವನ ದನಿ ನಾನು ಕೇಳಿದ್ದು ಅದೇ ಮೊದಲು. ನನ್ನ ಖುಷಿ ಎಲ್ಲೋ ಜಾರಿಹೋಯಿತು.

ಹತ್ತು ದಿನ ಕಳೆಯಿತು. ಮಾತ್ರೆ ನುಂಗುತ್ತಿದ್ದ, ನುಂಗಿದ ಮೇಲೆ ಮಾತ್ರೆಗೂ ಬೈಯುತ್ತಿದ್ದ. ನಮ್ಮ ದಾರಿ ಮುಗಿಯುವುದು ಊರಾಚೆ ಒಂದು ಬಯಲಲ್ಲಿ. ಅಲ್ಲಿ ಒಂದು ಗೋಡೆ, ಒಂದು ಮರ, ಸದಾ ಸೋರುವ ಒಂದು ನಲ್ಲಿ, ಇಷ್ಟೇ. ಪ್ರತಿ ಟ್ರಿಪ್ಪಿಗೂ ಅಲ್ಲಿ ಹನ್ನೆರಡು ನಿಮಿಷ ನಿಲ್ಲಬೇಕು. ಸಾಮಾನ್ಯವಾಗಿ ಹಾರ್ನಪ್ಪ ದಾರಿಯಲ್ಲಿ ಜಗಳಕ್ಕೆ ನಿಂತು ನಿಂತು ಆ ಹನ್ನೆರಡರಲ್ಲಿ ಹತ್ತನ್ನು ತಿಂದುಹಾಕಿಯೇ ಬರುತ್ತಿದ್ದ. ಅವತ್ತು ಅಪರೂಪಕ್ಕೆ ಬೇಗ ಬಂದಿದ್ದೆವು. ಇದ್ದಕ್ಕಿದ್ದಂತೆ ಮುಂದಿನಿಂದ ಕೂಗಾಟ ಕೇಳಿಸಿತು.

“ಏಯ್! ಸೈಡಿಗೆ ಹೋಗೇ! ಕಣ್ಣು ಕಾಣ್ಸಲ್ವಾ? ಏನು ನಿಮ್ಮಪ್ಪನ ಬಸ್ಸಾ ಇದು?”

ಯಾರೋ ಹೆಂಗಸಿನ ಮೇಲೆ ಹಾರಿಬಿದ್ದನೇನೋ ಎಂದು ಓಡಿದೆ. ನೋಡಿದರೆ ಒಂದು ಹುಳ. ಡ್ರೈವರ್ ಬದಿಯ ಕನ್ನಡಿಯನ್ನು ಹಿಡಿದಿರುವ ಕಬ್ಬಿಣದ ತೋಳಿನ ಮೇಲೆ ಕೂತಿತ್ತು. ಕಪ್ಪು ಮೈ, ಹಳದಿ ಪಟ್ಟಿ, ನೂಲಿನಷ್ಟು ಸಣ್ಣ ಸೊಂಟ. ಬಾಯಲ್ಲಿ ಕಡಲೆ ಕಾಳಿಗಿಂತ ಸಣ್ಣ ಮಣ್ಣಿನ ಉಂಡೆ. “ಕುಂಬಾರ ಹುಳ ಅಣ್ಣ, ಮಣ್ಣಿನ ಗೂಡು ಕಟ್ಟುತ್ತೆ” ಅಂದೆ. ಹಾರ್ನಪ್ಪ ಕೈ ಬೀಸಿದ. ಅದು ಕದಲಲಿಲ್ಲ. ಹಾರ್ನ್ ಒತ್ತಿದ. ಆಗಲೂ ಕದಲಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವನ ಹಾರ್ನಿಗೆ ಸೊಪ್ಪು ಹಾಕದ ಮೊದಲ ಜೀವ ಅದು. ಅವನು ಬಾಯಿ ತೆರೆದವನು ತೆರೆದ ಹಾಗೇ ನೋಡುತ್ತ ಕೂತ.

ಹುಳ ಉಂಡೆಯನ್ನು ಮುಂಗಾಲಲ್ಲಿ ಹಿಡಿದು, ದವಡೆಯಲ್ಲಿ ಒತ್ತಿ, ಹಿಂದಕ್ಕೆ ನಡೆಯುತ್ತ ನಡೆಯುತ್ತ ಪಟ್ಟಿಯ ಹಾಗೆ ಎಳೆಯಿತು. ಕಬ್ಬಿಣದ ಮೇಲೆ ಉಗುರಿನಷ್ಟು ಅಗಲದ ಒಂದು ವೃತ್ತ ಮೂಡಿತು. ಹುಳ ಹಾರಿಹೋಯಿತು. ನಲ್ಲಿಯ ಬಳಿ ನೀರು ಕುಡಿದು, ಗೋಡೆಯ ಬುಡದ ಒಣ ಮಣ್ಣಿಗೆ ಆ ನೀರನ್ನು ಕಾರಿ, ಕಲಸಿ, ಇನ್ನೊಂದು ಉಂಡೆ ಮಾಡಿ ತಂದಿತು. ಮೊದಲ ಪಟ್ಟಿಯ ಮೇಲೆ ಎರಡನೆಯದು. ನಾನು ವಾಚು ನೋಡಿ ಸೀಟಿ ಊದಿದೆ, ಹೊರಡುವ ಹೊತ್ತಾಗಿತ್ತು.

“ತಡಿಯೇ, ಒಂದು ನಿಮಿಷ” ಅಂದ ಹಾರ್ನಪ್ಪ. ಒಂದು ನಿಮಿಷ ಅನ್ನುವ ಮಾತು ಅವನ ಬಾಯಲ್ಲಿ! ನಾನು ಟಿಕೆಟ್ ಮಿಷಿನ್ ಕೆಳಗೆ ಬೀಳಿಸುವುದರಲ್ಲಿದ್ದೆ.

ಮುಂದಿನ ಟ್ರಿಪ್ಪಿಗೆ ಬಂದಾಗ ನಿಜವಾದ ತಮಾಷೆ ಶುರುವಾಯಿತು. ಹುಳ ಕಾಯುತ್ತಿತ್ತು, ಬಾಯಲ್ಲಿ ಉಂಡೆ ಕಚ್ಚಿಕೊಂಡು, ಬರಿಯ ಗಾಳಿಯಲ್ಲಿ. ಬಸ್ಸು ಬಂದು ನಿಂತರೂ ಅದು ಹತ್ತಿರ ಬರಲಿಲ್ಲ. ನಮ್ಮ ಕನ್ನಡಿಯಿಂದ ಎರಡು ಮಾರು ಹಿಂದೆ, ಶೂನ್ಯದಲ್ಲಿ ಸುತ್ತುತ್ತ ಹುಡುಕುತ್ತಿತ್ತು. ಹಾರ್ನಪ್ಪ ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿದ. ಆಮೇಲೆ ತೊಡೆ ತಟ್ಟಿದ. “ಅವಳಿಗೆ ಬಸ್ಸು ಗೊತ್ತಿಲ್ಲ ಕಣಮ್ಮಾ, ಜಾಗ ಗೊತ್ತು! ಮನೆ ಇಲ್ಲೇ ಇತ್ತಲ್ಲ ಅಂತ ಹುಡುಕ್ತಿದ್ದಾಳೆ. ಇಳಿ, ಇಳಿ, ಹಿಂದೆ ನೋಡು!”

ನಾನು ಇಳಿದು, ಖಾಲಿ ಬಯಲಲ್ಲಿ ನಿಂತು, “ಬರ್ಲಿ… ಬರ್ಲಿ… ಒಂದು ಗೇಣು… ಸಾಕು ಸಾಕು, ನಾಲ್ಕು ಬೆರಳು ಮುಂದೆ!” ಎಂದು ಸೀಟಿ ಊದಿದೆ. ಸುತ್ತ ನೂರು ಬಸ್ಸು ನಿಲ್ಲುವಷ್ಟು ಜಾಗ. ಒಳಗಿದ್ದ ನಾಲ್ಕು ಜನ ಕಿಟಕಿಯಿಂದ ತಲೆ ಹಾಕಿ, ಇವರಿಗೇನು ಗರ ಬಡಿಯಿತು ಎಂದು ನೋಡಿದರು. ಕನ್ನಡಿ ಸರಿಯಾದ ಜಾಗಕ್ಕೆ ಬಂದದ್ದೇ ತಡ, ಹುಳ ತಟ್ಟನೆ ಗೂಡಿನ ಮೇಲೆ ಇಳಿದು ಕೆಲಸ ಹಿಡಿಯಿತು. ತಡವಾದದ್ದಕ್ಕೆ ಒಂದು ಮಾತೂ ಆಡಲಿಲ್ಲ. ನಾನಾಗಿದ್ದರೆ ಆಡುತ್ತಿದ್ದೆ.

ಅವತ್ತೇ ಹಾರ್ನಪ್ಪ ಸೀಮೆಸುಣ್ಣ ತಂದು ಮುಂದಿನ ಚಕ್ರದ ಗುರುತು ಹಾಕಿಕೊಂಡ. ಮಾರನೆಯ ದಿನದಿಂದ ಅವನದೇ ಒಂದು ಲೆಕ್ಕಾಚಾರ. ಬಿಸಿಲಿನ ಹೊತ್ತಿನಲ್ಲಿ ಐದು ಟ್ರಿಪ್ಪು, ತಲಾ ಹನ್ನೆರಡು ನಿಮಿಷ, ಅವಳಿಗೆ ದಿನಕ್ಕೆ ಸಿಗುವುದು ಒಂದು ಗಂಟೆ. ದಾರಿಯಲ್ಲಿ ಒಂದು ಜಗಳಕ್ಕೆ ನಿಂತರೆ ಅವಳ ನಾಲ್ಕು ನಿಮಿಷ ಹೋಯಿತು. ಎರಡು ಜಗಳವಾದರೆ ಒಂದು ಪಟ್ಟಿ ಮಣ್ಣು ಹೋಯಿತು. ಹಾಗಾಗಿ ಜಗಳ ನಿಂತಿತು. ಆಟೋ ಅಡ್ಡ ಬಂದರೆ ಹಲ್ಲು ಕಚ್ಚಿಕೊಂಡು, “ಹೋಗಪ್ಪಾ ಮಹಾರಾಯ, ಹೋಗು” ಎಂದು ಕೈ ತೋರಿಸುತ್ತಿದ್ದ. ಆ ಆಟೋದವನಿಗೆ ಇದೇನೋ ಹೊಸ ಬಗೆಯ ಬೈಗುಳವಿರಬೇಕು ಅನ್ನಿಸಿ, ನಾಲ್ಕು ಸಲ ಹಿಂತಿರುಗಿ ನೋಡಿಕೊಂಡು ಹೋದ. ಹಾರ್ನೂ ನಿಂತಿತು. “ಅದುರಿಗೆ ಹಸಿ ಮಣ್ಣು ಬಿರುಕು ಬಿಟ್ರೆ?” ಅನ್ನುತ್ತಿದ್ದ. ಉಬ್ಬುಗಳ ಮೇಲೆ ಬಸ್ಸು ಎಷ್ಟು ಮೆಲ್ಲಗೆ ಹತ್ತಿ ಇಳಿಯುತ್ತಿತ್ತೆಂದರೆ ನಿದ್ದೆ ಹೋದವರು ತಮ್ಮ ನಿಲ್ದಾಣ ದಾಟಿಬಿಡುತ್ತಿದ್ದರು. ವಾರದ ರಜೆಯನ್ನೂ ಬಿಟ್ಟ. ಅವನು ಬಿಟ್ಟರೆ ನಾನೂ ಬಿಡಬೇಕು. ಹುಳ ಮನೆ ಕಟ್ಟುತ್ತದೆಂದು ನನ್ನ ಮನೆಯ ಬಟ್ಟೆ ಒಗೆಯದೆ ಉಳಿಯಿತು.

ಮೊದಲ ಗೂಡು ಮುಗಿಯುವಾಗ ನಾನೂ ಬಗ್ಗಿ ನೋಡಿದೆ. ಬಾಯಿ ಬಿಟ್ಟು ಹೇಳಬೇಕೆಂದರೆ, ನನ್ನ ಕುಚೋದ್ಯವೆಲ್ಲ ಗಂಟಲಲ್ಲೇ ನಿಂತಿತು. ಗೋಲಿಯಷ್ಟು ದೊಡ್ಡ ಮಡಕೆ. ಮೇಲೆ ಪುಟ್ಟ ಕತ್ತು, ಕತ್ತಿಗೆ ಹೊರಕ್ಕೆ ಮಡಚಿದ ಅಂಚು. ತಿರುಗಿಸಲು ತಿಗರಿ ಇಲ್ಲ, ಕೈ ಇಲ್ಲ, ಹೇಳಿಕೊಟ್ಟವರು ಇಲ್ಲ. ಹಾರ್ನಪ್ಪ ಮೊಬೈಲಿನ ಬೆಳಕು ಬಿಟ್ಟು, “ಒಳಗೆ ನೋಡು, ಚಾವಣಿ ನೋಡು” ಎಂದು ಪಿಸುಗುಟ್ಟಿದ. ಒಳಗೆ ಕೂದಲಿಗಿಂತ ಸಣ್ಣ ಎಳೆಯೊಂದರಿಂದ ಒಂದು ಮೊಟ್ಟೆ ನೇತಾಡುತ್ತಿತ್ತು. ಆರು ಚಕ್ರದ ಗಾಡಿಯಲ್ಲಿ, ಅಷ್ಟೊಂದು ಜನರ ನಡುವೆ, ಯಾರಿಗೂ ಗೊತ್ತಾಗದ ಹಾಗೆ ಒಂದು ತೊಟ್ಟಿಲು ತೂಗುತ್ತಿತ್ತು. ಆಮೇಲೆ ಅವಳು ಹುಟ್ಟುವ ಮರಿಯ ಬುತ್ತಿಗೆಂದು ಹಸಿರು ಹುಳುಗಳನ್ನು ಒಂದೊಂದಾಗಿ ತಂದು ಒಳಗೆ ತುರುಕಿ, ಬಾಯಿಗೆ ಮಣ್ಣು ಮೆತ್ತಿ, ಎರಡನೇ ಮಡಕೆಗೆ ಬುಡ ಹಾಕಿದಳು.

ಇತ್ತ ಹೊಸ ತಾಪತ್ರಯ. ನಮ್ಮ ದಾರಿಯ ಜನ ಗಡಿಯಾರ ನೋಡಿ ಮನೆ ಬಿಡುವವರಲ್ಲ. ಹಾರ್ನಪ್ಪನ ಹಾರ್ನು ಹಿಂದಿನ ತಿರುವಿನಲ್ಲಿ ಕೇಳಿದ ಮೇಲೆ ಟೀ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಬರುವವರು. ಹಾರ್ನಿಲ್ಲದ ಬಸ್ಸು ಕಳ್ಳಬೆಕ್ಕಿನ ಹಾಗೆ ಬಂದು ಹೋಗತೊಡಗಿತು. ಅರ್ಧ ಊರಿಗೆ ಬಸ್ಸು ತಪ್ಪಿತು. ಡಿಪೋಗೆ ದೂರು ಹೋಯಿತು. ಇಪ್ಪತ್ತೇಳು ವರ್ಷ ವಿನಾಕಾರಣ ಹಾರ್ನ್ ಹೊಡೆದದ್ದಕ್ಕೆ ಮೆಮೊ ತಿಂದವನಿಗೆ ಹಾರ್ನ್ ಹೊಡೆಯದೇ ಇದ್ದದ್ದಕ್ಕೆ ಮೆಮೊ ಬಂತು. ಡಿಪೋ ಮ್ಯಾನೇಜರ್ ಕನ್ನಡಕ ತೆಗೆದು, “ಏನಾಗಿದೆಯಪ್ಪಾ ನಿಂಗೆ? ಹುಷಾರಿಲ್ವಾ?” ಎಂದು ಕೇಳಿದರು. “ಹುಷಾರಾಗ್ತಾ ಇದೀನಿ ಸಾರ್” ಎಂದು ಹಾರ್ನಪ್ಪ ಮೆಮೊ ಮಡಚಿ ಜೇಬಿಗಿಟ್ಟ. ಹಾರ್ನಿನ ಬದಲು ತಿರುವಿನಲ್ಲಿ ನಾನು ಬಾಗಿಲಲ್ಲಿ ನಿಂತು ಸೀಟಿ ಊದುವುದೆಂದು ಏರ್ಪಾಡಾಯಿತು. ಯಾರಿಗೋ ಬಂದ ಬಾಣಂತನ, ನನ್ನ ಪುಪ್ಪುಸಕ್ಕೆ ದಂಡ.

ಮನೆಯಲ್ಲೂ ಗಾಳಿ ತಿರುಗಿತ್ತು. ಒಂದು ಸಂಜೆ ಅವನ ಹೆಂಡತಿ ನನಗೆ ಫೋನ್ ಮಾಡಿದರು. ನಾನು ಅವರನ್ನು ಅತ್ತಿಗೆ ಅನ್ನುತ್ತೇನೆ.

“ಒಂದು ಮಾತು ಮುಚ್ಚುಮರೆ ಇಲ್ದೆ ಹೇಳು. ಯಾರೇ ಅವಳು?”

“ಯಾರು ಅತ್ತಿಗೆ?”

“ನಿಮ್ಮಣ್ಣ ದಿನಾ ನಗ್ತಾ ಬರ್ತಾರೆ. ಸಾರಿಗೆ ಉಪ್ಪು ಹಾಕಿಲ್ಲ ಅಂದ್ರೂ ಉಣ್ತಾರೆ. ಇವತ್ತು ಅವಳಿಗೆ ಮಣ್ಣು ಸಾಲ್ಲಿಲ್ಲ, ನಾಳೆ ಅವಳು ಬಾಗಿಲು ಮುಚ್ತಾಳೆ ಅಂತ ತಮ್ಮಷ್ಟಕ್ಕೆ ತಾವೇ ಗೊಣಗ್ತಾರೆ. ಮನೆ ಬೇರೆ ಕಟ್ಟಿಸಿಕೊಡ್ತಿದ್ದಾರಾ?”

ನನಗೆ ನಗು ತಡೆಯಲಾಗಲಿಲ್ಲ. ಹೇಳಿದರೆ ನಂಬುವುದಿಲ್ಲ, ಹೇಳದಿದ್ದರೆ ಬಿಡುವುದಿಲ್ಲ. “ನಾಳೆ ಹನ್ನೊಂದರ ಟ್ರಿಪ್ಪಿಗೆ ಹತ್ತಿ ಅತ್ತಿಗೆ, ತೋರಿಸ್ತೀನಿ” ಅಂದೆ. ಹೇಳಿದ ಹೊತ್ತಿಗೆ ಸೆರಗು ಬಿಗಿದುಕೊಂಡೇ ಬಂದರು. ಕೊನೆಯ ನಿಲ್ದಾಣದಲ್ಲಿ ಅವರನ್ನು ಕನ್ನಡಿಯ ಹತ್ತಿರ ನಿಲ್ಲಿಸಿದೆ. ಹಾರ್ನಪ್ಪ ಹೆಂಡತಿಯನ್ನು ಕಂಡು ಸೀಟಿನಲ್ಲೇ ಕುಗ್ಗಿಹೋದ. ಅತ್ತಿಗೆ ಹುಳವನ್ನು ಮೇಲಿಂದ ಕೆಳಗೆ ನೋಡಿದರು.

“ಸೊಂಟ ನೋಡಿದ್ರೆ ನಾನು ಅನುಮಾನ ಪಟ್ಟಿದ್ರಲ್ಲಿ ತಪ್ಪೇನೂ ಇಲ್ಲ” ಅಂದರು.

ಅಲ್ಲೇ ಮೆಟ್ಟಿಲ ಮೇಲೆ ಕೂತರು. ಮುಂದಿನ ಟ್ರಿಪ್ಪಿಗೂ ಇಳಿಯಲಿಲ್ಲ.

ಮೂರು ವಾರದಲ್ಲಿ ನಾಲ್ಕು ಮಡಕೆಗಳಾದವು. ಒಂದು ದಿನ ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಹಾರ್ನಪ್ಪ ಗುರುತಿನ ಮೇಲೆ ಬಸ್ಸು ನಿಲ್ಲಿಸಿ ಹನ್ನೆರಡು ನಿಮಿಷವೂ ಆಕಾಶ ನೋಡಿದ. “ಕೆಲಸ ಮುಗೀತು, ಹೋದಳು” ಎಂದಷ್ಟೇ ಹೇಳಿದ. ದುಃಖವಾಗಿತ್ತು ಅವನಿಗೆ, ಮುಖದಲ್ಲೇ ಕಾಣುತ್ತಿತ್ತು. ಅಲ್ಲಿಂದ ಕಾಯುವ ಕೆಲಸ ನಮ್ಮದಾಯಿತು.

ತಪಾಸಣೆಗೆ ಎರಡು ದಿನವಿರುವಾಗ ಡಿಪೋದ ಬೋರ್ಡಿನಲ್ಲಿ ನಮ್ಮ ಬಸ್ಸಿನ ನಂಬರು ಬಿತ್ತು. ಪೇಂಟಿಗೆ ಹೋಗಬೇಕು, ತಪಾಸಣೆಯ ದಿನವೇ. ಪೇಂಟಿನವರು ಮೊದಲು ಮಾಡುವುದು ಹಳೆಯ ಬಣ್ಣವನ್ನೂ ಮಣ್ಣನ್ನೂ ತಗಡಿನ ಪಟ್ಟಿಯಲ್ಲಿ ಕೆರೆದು ಹಾಕುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆ ನನಗೆ ಅವತ್ತು ಸರಿಯಾಗಿ ಅರ್ಥವಾಯಿತು. ಅದು ಸಾಲದೆಂಬಂತೆ, ತಪಾಸಣೆಯ ಹಿಂದಿನ ದಿನ ನಾವು ಸಿಗ್ನಲಿನಲ್ಲಿ ಸಿಕ್ಕಿಕೊಂಡಿದ್ದ ಹೊತ್ತಿನಲ್ಲಿ ಮೊದಲನೇ ಮಡಕೆ ಒಡೆದು, ಒಳಗಿದ್ದದ್ದು ಹಾರಿಹೋಗಿತ್ತು. ಹಾರ್ನಪ್ಪ ನೋಡಿದ್ದು ಬರಿಯ ತೂತು. ಅಷ್ಟು ದಿನ ಕಾದು, ಎದುರಿಗಿದ್ದ ಲಾರಿಯ ನಂಬರ್ ಪ್ಲೇಟ್ ಓದುತ್ತ ಕೂತು ಅದನ್ನು ತಪ್ಪಿಸಿಕೊಂಡಿದ್ದ. ಎರಡನೆಯದು ಇವತ್ತೋ ನಾಳೆಯೋ ಅನ್ನುವ ಹಾಗಿತ್ತು.

ತಪಾಸಣೆಯ ಬೆಳಿಗ್ಗೆ ಅವನು ಸ್ಪ್ಯಾನರ್ ತೆಗೆದುಕೊಂಡು, ಎರಡು ಬೋಲ್ಟ್ ಬಿಚ್ಚಿ, ಕನ್ನಡಿಯನ್ನು ತೋಳಿನ ಸಮೇತ ಕಳಚಿದ. ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಆಸ್ಪತ್ರೆಗೆ ಹೊರಟ. ಬಸ್ಸು ಕನ್ನಡಿಯಿಲ್ಲದೆ ಪೇಂಟಿಗೆ ಹೋಯಿತು. ನಮಗೆ ಅವತ್ತು ಡ್ಯೂಟಿ ಇರಲಿಲ್ಲ. “ಡಾಕ್ಟರ್ ಹತ್ರ ಬಾಯಿ ಮಾಡದ ಹಾಗೆ ನೋಡ್ಕೋ” ಎಂದು ಅತ್ತಿಗೆ ನನ್ನನ್ನು ಜೊತೆಗೆ ಅಟ್ಟಿದರು.

ಆಸ್ಪತ್ರೆಯ ಬೆಂಚಿನಲ್ಲಿ ತೊಡೆಯ ಮೇಲೆ ಬಸ್ಸಿನ ಕನ್ನಡಿ ಇಟ್ಟುಕೊಂಡು ಕೂತವನನ್ನು ಎಲ್ಲರೂ ನೋಡಿದರು. ನೋಡಿದವರೆಲ್ಲ ಅದರಲ್ಲಿ ತಮ್ಮ ಮುಖವನ್ನೂ ನೋಡಿ ತಲೆ ಸರಿಮಾಡಿಕೊಂಡರು. ಪಕ್ಕದ ಅಜ್ಜ, “ಆಕ್ಸಿಡೆಂಟಾ?” ಎಂದು ಮೆಲ್ಲಗೆ ಕೇಳಿದ. “ಅಲ್ಲ, ಹೆರಿಗೆ” ಅಂದ ಹಾರ್ನಪ್ಪ. ಅಜ್ಜ ಎದ್ದು ಬೇರೆ ಬೆಂಚಿಗೆ ಹೋದ. ಅಷ್ಟರಲ್ಲಿ ಯಾರೋ ಆತುರಗಾರ ಓಡುತ್ತ ಬಂದು ಕನ್ನಡಿಗೆ ಮೊಣಕೈ ತಾಗಿಸಿದ. ಹಾರ್ನಪ್ಪನ ಕತ್ತಿನ ನರ ಉಬ್ಬಿತು. ಬಾಯಿ ತೆರೆದ. ನಾನು ಅವನ ತೋಳು ಗಿಂಡಿದೆ. ಬಾಯಿ ಮುಚ್ಚಿಕೊಂಡ. ಸರಿಯಾಗಿ ಅದೇ ಹೊತ್ತಿಗೆ ಒಳಗಿನಿಂದ ಕರೆದರು.

ಇನ್ನೇನಾಗುತ್ತದೆ? ನೂರ ಐವತ್ತೆಂಟು, ತೊಂಬತ್ತೆಂಟು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಇಳಿದಿದೆ. ಆದ್ರೆ ಸಾಲದು. ಹತ್ತು ನಿಮಿಷ ಸುಮ್ನೆ ಕೂತಿರಿ, ಇನ್ನೊಂದ್ಸಲ ನೋಡ್ತೀನಿ. ಆಗ್ಲೂ ಇಷ್ಟೇ ಬಂದ್ರೆ ನಾನೇನೂ ಮಾಡೋ ಹಾಗಿಲ್ಲ.” ಆಮೇಲೆ ಮೇಜಿನ ಮೇಲಿದ್ದ ಕನ್ನಡಿಯತ್ತ ನೋಡಿ, “ಇದ್ಯಾಕೆ ತಂದ್ರಿ?” ಅಂದರು. ಅವನು ಉತ್ತರ ಕೊಡುವ ಮೊದಲೇ ಅವರ ಬಿಳಿ ಕಾಗದದ ಮೇಲೆ ಒಂದು ಚೂರು ಮಣ್ಣು ಉದುರಿತು. ಆಮೇಲೆ ಇನ್ನೊಂದು ಚೂರು. ಕರ್ ಕರ್ ಎಂದು ಕಿವಿಗೊಟ್ಟರೆ ಮಾತ್ರ ಕೇಳುವ ಸಪ್ಪಳ. ಎರಡನೇ ಮಡಕೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತಾಯಿತು. ತೂತಿನಿಂದ ಎರಡು ಮೀಸೆ ಹೊರಗೆ ಬಂದವು.

ಡಾಕ್ಟರಮ್ಮ ಕುರ್ಚಿ ಸಮೇತ ಗೋಡೆಗೆ ಹೋಗಿ ಅಂಟಿಕೊಂಡರು. “ಕಣಜ! ಯಾರಲ್ಲಿ, ಸ್ಪ್ರೇ ತನ್ನಿ!”

“ಡಾಕ್ಟರಮ್ಮಾ, ಅಲ್ಲಾಡ್ಬೇಡಿ” ಅಂದ ಹಾರ್ನಪ್ಪ. ದನಿ ಎಷ್ಟು ಮೆತ್ತಗಿತ್ತೆಂದರೆ ನಾನೇ ಅವನ ಮುಖ ನೋಡಿದೆ. “ಅವಳಿಗೆ ನಿಮ್ಮ ಗೊಡವೆ ಇಲ್ಲ. ಹುಟ್ತಾ ಇದ್ದಾಳೆ ಅಷ್ಟೇ. ನೀವು ಎಷ್ಟು ಹೆರಿಗೆ ನೋಡಿಲ್ಲ?”

“ನೂರಾರು” ಅಂದರು ಡಾಕ್ಟರಮ್ಮ, ಗೋಡೆ ಬಿಡದೆ.

“ಇದೊಂದು ನೋಡಿ.”

ತೂತು ದೊಡ್ಡದಾಯಿತು. ತಲೆ ಬಂತು, ಆಮೇಲೆ ಹೆಗಲು. ಸೊಂಟ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಪೂರ್ತಿ ಹೊರಗೆ ಬಂದು, ಕಾಲಿನಿಂದ ಮುಖ ಒರೆಸಿಕೊಂಡು, ಮುದುಡಿದ ರೆಕ್ಕೆಯನ್ನು ಹಿಂಗಾಲಿನಲ್ಲಿ ಸವರಿ ಸವರಿ ನೆಟ್ಟಗೆ ಮಾಡಿಕೊಂಡಳು. ಗಂಡೋ ಹೆಣ್ಣೋ ಯಾರಿಗೆ ಗೊತ್ತು, ಹಾರ್ನಪ್ಪನ ಲೆಕ್ಕದಲ್ಲಿ ಎಲ್ಲರೂ ‘ಅವಳು.’ ಡಾಕ್ಟರಮ್ಮನ ಕುರ್ಚಿ ಯಾವಾಗ ಮೇಜಿನ ಹತ್ತಿರ ವಾಪಸ್ಸು ಬಂತೋ ನನಗೆ ತಿಳಿಯಲಿಲ್ಲ. ಸ್ಪ್ರೇ ತಂದ ನರ್ಸಮ್ಮನಿಗೆ ಅವರೇ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಹೇಳಿದರು. ಪುಟ್ಟ ಕುಂಬಾರಗಿತ್ತಿ ಒಮ್ಮೆ ಮೇಜಿನ ಸುತ್ತ ಹಾರಿ, ಕಿಟಕಿಯಿಂದ ಹೊರಗೆ ಹೋದಳು.

ಅವಳು ಹೋದ ದಾರಿಯನ್ನೇ ನೋಡುತ್ತ ಕೂತಿದ್ದವನ ತೋಳಿನ ಪಟ್ಟಿಗೆ ಡಾಕ್ಟರಮ್ಮ ಗಾಳಿ ಒತ್ತಿದರು. ನೂರ ಇಪ್ಪತ್ತಾರು, ಎಂಬತ್ತೆರಡು. “ಅಯ್ಯೋ, ಬಂಗಾರದಂಥಾ ನಂಬರ್ರು!” ಎಂದು ಅವರೇ ನಕ್ಕು, ಪಾಸು ಎಂದು ಬರೆಯಲು ಪೆನ್ನು ತೆಗೆದುಕೊಂಡರು. ನನಗೆ ಕುಣಿಯಬೇಕು ಅನ್ನಿಸಿತು.

“ಬರೀಬೇಡಿ ಡಾಕ್ಟರಮ್ಮಾ” ಅಂದ ಹಾರ್ನಪ್ಪ.

“ಯಾಕೆ?”

“ಇದು ನನ್ನ ನಂಬರ್ ಅಲ್ಲ, ಅವಳದು. ಬಸ್ಸಲ್ಲಿ ಅರವತ್ತು ಜನ ನನ್ನ ನಂಬಿ ಕೂತಿರ್ತಾರೆ. ರೋಡಲ್ಲಿ ದಿನಾ ಹುಳ ಹುಟ್ಟಲ್ಲ, ಆಟೋ ಹುಟ್ಟುತ್ವೆ. ಅವಳು ಇಲ್ದೇ ಇರೋವಾಗ ಎಷ್ಟಿದೆ ಅಂತ ನೋಡಿ. ಅದನ್ನ ಬರೀರಿ. ಟಯರ್ ರೂಮಾದ್ರೆ ಟಯರ್ ರೂಮು.”

ನನಗೆ ಅವನನ್ನು ಅಲ್ಲೇ ಗುದ್ದಬೇಕು ಅನ್ನಿಸಿತು. ಕೈಗೆ ಬಂದ ತುತ್ತನ್ನು ಬಾಯಿಗೆ ಬರುವ ಮೊದಲೇ ಚೆಲ್ಲುವವನಿಗೆ ಏನೆನ್ನಬೇಕು? “ಅಣ್ಣಾ, ಬುದ್ಧಿ ಗಿದ್ದಿ ಇದೆಯಾ ನಿಮಗೆ?” ಎಂದು ಕೂಗಿಯೇಬಿಟ್ಟೆ. ಹನ್ನೆರಡು ವರ್ಷದಲ್ಲಿ ನಾನು ಅವನ ಮೇಲೆ ಕೂಗಿದ್ದು ಅದೇ ಮೊದಲು. ಅವನು ತಿರುಗಿ ಕೂಗಲಿಲ್ಲ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. ಕನ್ನಡಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು, ಹೊರಗೆ ನಿಲ್ಲಲು ಹೇಳಿದರು. ಬಾಗಿಲು ಹಾಕಿಕೊಂಡಿತು. ಹೊರಗೆ ಕಾಲು ಗಂಟೆ. ನನಗೆ ಅಳು ಬಂತು. ಇನ್ನೊಬ್ಬ ಡ್ರೈವರ್ ಜೊತೆ, ಬೈಗುಳವೂ ಇಲ್ಲದ ಹುಳವೂ ಇಲ್ಲದ ಬಸ್ಸಿನಲ್ಲಿ ನಾನು ಏನು ಮಾಡಲಿ? ಕನ್ನಡಿಯಲ್ಲಿ ಕಂಡ ನನ್ನ ಮುಖ ಚೆನ್ನಾಗಿರಲಿಲ್ಲ, ಟವೆಲ್ ಮುಚ್ಚಿದೆ.

ಬಾಗಿಲು ತೆರೆಯಿತು. ಹಾರ್ನಪ್ಪ ಕಾಗದ ಹಿಡಿದು ಬಂದ. ನೂರ ಮೂವತ್ತೆಂಟು, ಎಂಬತ್ತೆಂಟು. ಗೆರೆಯಿಂದ ಎರಡೇ ಎರಡು ಅಂಕ ಕೆಳಗೆ. ಪಾಸು! ಹಿಂದೆಯೇ ಬಂದ ಡಾಕ್ಟರಮ್ಮ, “ಮಾತ್ರೆ ಬಿಡ್ಬೇಡಿ. ಆರು ತಿಂಗಳಿಗೆ ಮತ್ತೆ ಬನ್ನಿ” ಎಂದು ಗದರಿ, ಅತ್ತಿತ್ತ ನೋಡಿ, “ಇನ್ನೆರಡು ಒಡೆಯೋದು ಯಾವಾಗ ಅಂತ ಗೊತ್ತಾದ್ರೆ ಒಂದು ಫೋನ್ ಮಾಡಿ” ಅಂದರು.

ಮೆಟ್ಟಿಲಿಳಿಯುವಾಗ ನನಗೆ ತಡೆಯಲಾಗಲಿಲ್ಲ. “ಅವಳು ಇರ್ಲಿಲ್ವಲ್ಲಾ ಅಣ್ಣ, ಒಳಗೆ ಏನು ಯೋಚ್ನೆ ಮಾಡ್ಕೊಂಡು ಕೂತಿದ್ರಿ?”

“ಯೋಚ್ನೆ ಏನು ಬಂತು? ಆ ಕಿಟಕಿ ಆಚೆ ಮರದಲ್ಲಿ ಒಂದು ಕಾಗೆ. ಗೂಡಿಗೆ ಕಡ್ಡಿ ಬೇಕಾಗಿತ್ತು ಅನ್ಸುತ್ತೆ. ಒಂದು ಹಸಿ ಕಡ್ಡಿ ಹಿಡ್ಕೊಂಡು ಮುರಿಯೋಕೆ ಒದ್ದಾಡ್ತಿತ್ತು. ಹೀಗೆ ತಿರುಚ್ತು, ಹಾಗೆ ತಿರುಚ್ತು, ಮುರೀಲಿಲ್ಲ. ಇನ್ನೇನು ಮುರೀಬೇಕು, ಡಾಕ್ಟರಮ್ಮ ಪಟ್ಟಿ ಬಿಚ್ಚಿ ಎಬ್ಬಿಸಿಬಿಟ್ರು!” ನಿಜಕ್ಕೂ ಬೇಜಾರಾಗಿತ್ತು ಅವನಿಗೆ. ಸ್ಟೇರಿಂಗ್ ಉಳಿದದ್ದಕ್ಕಿಂತ ಕಡ್ಡಿಯ ಗತಿ ಏನಾಯಿತೋ ಅನ್ನುವುದೇ ದೊಡ್ಡದಾಗಿತ್ತು.

“ಬನ್ನಿ, ಹಿತ್ತಲ ಕಡೆಯಿಂದ ಕಾಣ್ಸುತ್ತೇನೋ ನೋಡೋಣ” ಅಂದೆ.

ಕಟ್ಟಡ ಸುತ್ತಿಕೊಂಡು ಹೋದೆವು. ಕಾಗೆ ಇನ್ನೂ ಅಲ್ಲೇ ಇತ್ತು, ಕಡ್ಡಿಯೂ ಇತ್ತು. ಕಸದ ಡಬ್ಬಿಗಳ ನಡುವೆ, ಬಸ್ಸಿನ ಕನ್ನಡಿ ಹಿಡಿದುಕೊಂಡು ಕತ್ತೆತ್ತಿ ನಿಂತೆವು. ಕಾಗೆ ಕಾಲಿನಿಂದ ಕೊಂಬೆ ಅದುಮಿ, ಕೊಕ್ಕಿನಲ್ಲಿ ಕಡ್ಡಿಯನ್ನು ಕೆಳಕ್ಕೆ ಜಗ್ಗಿತು. ನನ್ನ ಫೋನು ಬಡಿದುಕೊಂಡಿತು. ಡಿಪೋ ಮ್ಯಾನೇಜರ್, ಕನ್ನಡಿ ಎಲ್ಲಿ ಎಂದು ಕೇಳಲು. ಹಾರ್ನಪ್ಪ ನಿಟ್ಟುಸಿರು ಬಿಟ್ಟು, “ನಡಿಯಮ್ಮಾ, ಅಲ್ಲಿ ಕಾಯ್ತಿರ್ತಾರೆ. ಇನ್ನೊಂದು ಮೆಮೊ ಯಾಕೆ?” ಎಂದು ಹೊರಟ.

ನಾನು ಅವನ ಅಂಗಿಯ ಚುಂಗು ಹಿಡಿದು ನಿಲ್ಲಿಸಿದೆ.

“ಒಂದು ನಿಮಿಷ ತಡೀರಿ ಅಣ್ಣ. ಈಗ ಆ ಕಡೆಯಿಂದ ಹಿಡೀತಾ ಇದೆ.”